ಬೀಗದ ಕೈ ಇಲ್ಲದ ಪೆಟ್ಟಿಗೆ

ಬೈಕಿಗೆ ಬೀಗ ಹಾಕಿದ್ದೆ. ಪೆಟ್ಟಿಗೆಗೂ ಬೀಗ ಹಾಕಿದ್ದೆ. ಎರಡರ ಬೀಗದ ಕೈಯೂ ನನ್ನ ಜೇಬಿನಲ್ಲೇ ಇತ್ತು. ಪೆಟ್ಟಿಗೆ ಮಾತ್ರ ಇರಲಿಲ್ಲ!

ಎರಡು ತಿಂಗಳ ಹಿಂದಿನ ಮಾತು. ಶನಿವಾರ ಬೆಳಿಗ್ಗೆ ಹಲಸೂರಿನ ಮನೆಯಿಂದ ಹೊರಟು, ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊಸಕೋಟೆ, ಕೋಲಾರ ಅಂತ ಹೋಗಿದ್ದೆ. ಆವನಿ ಬೆಟ್ಟ ಹತ್ತಿ, ಕುರುಡುಮಲೆ ಗಣಪನಿಗೆ ಕೈ ಮುಗಿದು, ರಾತ್ರಿ ಮುಳಬಾಗಿಲಲ್ಲಿ ಉಳಿದು, ಬೆಳಿಗ್ಗೆ ಅಲ್ಲಿನ ದೋಸೆ ತಿಂದು ಆರಾಮಾಗಿ ವಾಪಸ್ ಬರ್ತಾ ಇದ್ದೆ. ಇಂದಿರಾನಗರ ಮುಟ್ಟುವಾಗ ಭಾನುವಾರ ರಾತ್ರಿ ಏಳೂವರೆ. ಮನೆಗೆ ಇನ್ನು ಎರಡು ಮೂರು ಕಿಲೋಮೀಟರ್ ಅಷ್ಟೇ. ಆದ್ರೆ ಹೊಟ್ಟೆ ಕೇಳಬೇಕಲ್ಲ. ನೂರಡಿ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಬೈಕ್ ನಿಲ್ಲಿಸಿ, ಮಹಡಿ ಮೇಲಿದ್ದ ಹೋಟೆಲಿಗೆ ಹೋಗಿ ಕೂತೆ. ಒಳಗಿದ್ದದ್ದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ.

ಕೆಳಗೆ ಬಂದು ನೋಡಿದರೆ ಬೈಕು ಸೈಡ್ ಸ್ಟ್ಯಾಂಡಿನ ಮೇಲೆ ಎಂದಿಗಿಂತ ಜಾಸ್ತಿ ಎಡಕ್ಕೆ ವಾಲಿದೆ. ಬಲಗಡೆ ಪೆಟ್ಟಿಗೆ ಇಲ್ಲ. ಪೆಟ್ಟಿಗೆ ಅಷ್ಟೇ ಅಲ್ಲ, ಅದನ್ನು ನೇತುಹಾಕುವ ಕಬ್ಬಿಣದ ಚೌಕಟ್ಟೂ ಇಲ್ಲ! ನಾಲ್ಕು ಬೋಲ್ಟು ಬಿಚ್ಚಿ ಚೌಕಟ್ಟಿನ ಸಮೇತ ಹೊತ್ತುಕೊಂಡು ಹೋಗಿದ್ದರು. ನಾಲ್ಕರಲ್ಲಿ ಎರಡು ಬೋಲ್ಟನ್ನು ಪಾಪ, ನನಗೇ ಅಂತ ಅಲ್ಲೇ ನೆಲದ ಮೇಲೆ ಬಿಟ್ಟಿದ್ದರು :)

ಎದುರಿಗೇ ಒಂದು ಬೀಡಾ ಅಂಗಡಿ. ಕೇಳಿದೆ. "ಇಬ್ರು ಕೂತ್ಕೊಂಡು ಸ್ಪ್ಯಾನರ್ ಹಾಕ್ತಾ ಇದ್ರು ಸಾರ್. ಗಾಡಿ ರಿಪೇರಿ ಮಾಡ್ತಾವ್ರೆ ಅನ್ಕೊಂಡೆ" ಅಂದ. ಅವನ ತಪ್ಪೇನಿಲ್ಲ ಬಿಡಿ. ಈ ಊರಲ್ಲಿ ಬೈಕಿನ ಪಕ್ಕ ಸ್ಪ್ಯಾನರ್ ಹಿಡಿದು ಕೂತವನನ್ನು ನೋಡಿ ನಮಗೆ ಬರೋದು ಕನಿಕರವೇ ಹೊರತು ಅನುಮಾನ ಅಲ್ಲ. ನಾನೇ ಆಗಿದ್ದರೂ ಸುಮ್ಮನೆ ಹೋಗುತ್ತಿದ್ದೆ.

ಪೆಟ್ಟಿಗೆಯಲ್ಲಿ ಏನಿತ್ತು? ರೈನ್‌ಕೋಟು, ಗಾಳಿ ಪಂಪು, ಒಗೆಯಬೇಕಿದ್ದ ಎರಡು ಜೊತೆ ಬಟ್ಟೆ. ಇವೆಲ್ಲ ಹೋದರೆ ಹೋಗಲಿ. ಜೊತೆಗೆ ಅಪ್ಪನ ಸ್ಪ್ಯಾನರುಗಳು ಇದ್ದವು. ಅಪ್ಪ ದೂರವಾಣಿನಗರದ ಐ.ಟಿ.ಐ.ನಲ್ಲಿ ಕೆಲಸ ಮಾಡಿದವರು. 1948ರಲ್ಲಿ ಶುರುವಾದ ಆ ಟೆಲಿಫೋನ್ ಕಾರ್ಖಾನೆಗೆ ಹಲಸೂರಿನಿಂದ ದಿನಾ ಯೆಜ್ಡಿಯಲ್ಲಿ ಹೋಗಿ ಬರುತ್ತಿದ್ದರು. ಆಗ ತೂಗುಸೇತುವೆ ಇನ್ನೂ ಬಂದಿರಲಿಲ್ಲ. ಆ ಯೆಜ್ಡಿಯ ಜೊತೆಗಿದ್ದ ಏಳು ಸ್ಪ್ಯಾನರು, ಒಂದು ಪ್ಲಗ್ ಸ್ಪ್ಯಾನರು, ಅವನ್ನು ಸುತ್ತಿಡೋಕೆ ಅಮ್ಮ ಖಾಕಿ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲ. ಒಂದೊಂದರ ಹಿಡಿಯ ಮೇಲೂ ಅಪ್ಪ ಪಂಚಿನಲ್ಲಿ ಮೂರು ಚುಕ್ಕಿ ಹೊಡೆದಿದ್ದರು, ಯಾರಾದರೂ ಕೇಳಿ ತಗೊಂಡು ಹೋದರೆ ಗುರುತು ಸಿಗಲಿ ಅಂತ. ಅಪ್ಪ ಹೋಗಿ ಆರು ವರ್ಷವಾಯ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು. "ಆ ಪೆಟ್ಟಿಗೆಗೆ ಹಿಡಿ ಯಾಕೋ ಇಟ್ಟಿರ್ತಾರೆ? ಎತ್ಕೊಂಡು ಹೋಗ್ಲಿ ಅಂತ. ನೀನು ಎತ್ಕೊಂಡು ಹೋಗ್ಲಿಲ್ಲ, ಅವನು ಎತ್ಕೊಂಡು ಹೋದ."

ಟೂರಿಂಗ್ ಬೈಕಿನ ಲಗೇಜಿನ ಬಗ್ಗೆ ನಾನು ಓದಿದ್ದು, ಕೇಳಿದ್ದು ಎಲ್ಲ ಸೇರಿಸಿದರೂ ಇದಕ್ಕಿಂತ ಸರಿಯಾದ ಮಾತು ಸಿಗಲಿಲ್ಲ. ಬಿಚ್ಚೋಕೆ ಬರೋ ಹಾಗೆ ಮಾಡಿರೋದೇ ಮಾಲೀಕ ಬಿಚ್ಚಿಕೊಂಡು ಹೋಗಲಿ ಅಂತ. ಅದನ್ನು ಬಿಚ್ಚದೆ ಬಿಟ್ಟು ಹೋಗಿ, ಬೀಗ ನೋಡಿಕೊಳ್ಳುತ್ತೆ ಅಂತ ನಂಬೋದು ನಮ್ಮ ಸೋಮಾರಿತನ. ಮುಳಬಾಗಿಲಿನ ಲಾಡ್ಜಿನಲ್ಲಿ ಎರಡೂ ಪೆಟ್ಟಿಗೆಯನ್ನು ಎರಡನೇ ಮಹಡಿಗೆ ಹೊತ್ತುಕೊಂಡು ಹೋದವನು ನಾನೇ. ಯಾಕೆ? ಗೊತ್ತಿಲ್ಲದ ಊರು ನೋಡಿ! ಇಂದಿರಾನಗರದಲ್ಲಿ ಯಾಕೆ ಬಿಟ್ಟೆ? ನಮ್ಮ ಏರಿಯಾ ಅಲ್ವಾ! ಪರಊರಿನವರ ಮೇಲೆ ಪಟ್ಟ ಅನುಮಾನದಲ್ಲಿ ಕಾಲು ಭಾಗ ನಮ್ಮೂರಿನ ಮೇಲೆ ಇಟ್ಟಿದ್ದರೆ ಅಪ್ಪನ ಸ್ಪ್ಯಾನರು ಮನೆಯಲ್ಲಿರುತ್ತಿತ್ತು.

ಈ ಪೆಟ್ಟಿಗೆಗಳ ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಬೈಕಿನ ಚಾಸಿಗೆ ಬೋಲ್ಟು ಹಾಕಿ ಚೌಕಟ್ಟು ಕೂರಿಸಿರುತ್ತಾರೆ. ಪೆಟ್ಟಿಗೆ ಆ ಚೌಕಟ್ಟಿಗೆ ಕೊಕ್ಕೆಯಿಂದ ನೇತಾಡುತ್ತೆ, ಅದನ್ನು ಬೀಗವಿರೋ ಒಂದು ಚಿಲಕ ಹಿಡಿದುಕೊಂಡಿರುತ್ತೆ. ಅಂದರೆ ಬೀಗ ಇರೋದು ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ. ಚೌಕಟ್ಟಿಗೂ ಬೈಕಿಗೂ ನಡುವೆ ಇರೋದು ಬರೀ ಬೋಲ್ಟು! ಹಿಂದಿನ ಟಾಪ್ ಬಾಕ್ಸ್ ಈ ವಿಷಯದಲ್ಲಿ ಸ್ವಲ್ಪ ವಾಸಿ. ಅದರ ತಟ್ಟೆಯ ಬೋಲ್ಟುಗಳ ತಲೆ ಸಾಮಾನ್ಯವಾಗಿ ಪೆಟ್ಟಿಗೆಯ ಕೆಳಗೆ ಮುಚ್ಚಿಹೋಗಿರುತ್ತೆ. ಪಕ್ಕದ ಪೆಟ್ಟಿಗೆಯ ಚೌಕಟ್ಟಿನ ಬೋಲ್ಟು ಮಾತ್ರ ರಸ್ತೆಗೆ ಮುಖ ಮಾಡಿಕೊಂಡು ಕೂತಿರುತ್ತೆ. ಸಾವಿರಾರು ರೂಪಾಯಿ ಕೊಟ್ಟು ಇಟಲಿಯ ಜೀವಿ, ಸ್ಪೇನಿನ ಶಾಡ್ ಅಂತ ಹೆಸರು ನೋಡಿ ತಗೊಳ್ತೀವಿ. ಕೊನೆಗೆ ಅದನ್ನು ಕಾಯೋದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗೋ ಅಲೆನ್ ಕೀ ಹಾಕಿದರೆ ಬಿಚ್ಚಿಕೊಳ್ಳೋ ಬೋಲ್ಟು.

ಬಟ್ಟೆಯ ಸ್ಯಾಡಲ್ ಬ್ಯಾಗ್ ಆದರಂತೂ ಕೇಳೋದೇ ಬೇಡ. ಒಂದು ಬ್ಲೇಡು ಸಾಕು. ಜಿಪ್ಪಿನ ಎರಡು ತುದಿ ಸೇರಿಸಿ ಪುಟ್ಟ ಬೀಗ ಹಾಕಿ ನೆಮ್ಮದಿಯಾಗಿರೋರಿಗೆ ಒಂದು ಮಾತು: ಬಾಲ್‌ಪೆನ್ನಿನ ಮೊನೆ ಚುಚ್ಚಿದರೆ ಜಿಪ್ಪಿನ ಹಲ್ಲು ಬಿಟ್ಟುಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಬೀಗ ಹಾಕಿದ ತುದಿಗಳನ್ನೇ ಆ ಕಡೆಯಿಂದ ಈ ಕಡೆಗೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತೆ. ಮನೆಗೆ ಹೋಗಿ ತೆಗೆಯೋವರೆಗೂ ಗೊತ್ತೇ ಆಗಲ್ಲ.

ಇದೇನು ಹೊಸ ಕಾಯಿಲೆ ಅಲ್ಲ. ಬಜಾಜ್ ಸ್ಕೂಟರ್ ಇಟ್ಟುಕೊಂಡಿದ್ದವರನ್ನು ಕೇಳಿ, ಸ್ಟೆಪ್ನಿ ಕಳ್ಳತನದ ಕತೆ ಹೇಳ್ತಾರೆ. (ಸ್ಟೆಪ್ನಿ ಅನ್ನೋ ಹೆಸರು ಬಂದದ್ದು ವೇಲ್ಸ್‌ನಲ್ಲಿ 1904ರಲ್ಲಿ ಈ ಹೆಚ್ಚುವರಿ ಚಕ್ರ ಹುಟ್ಟಿದ ಸ್ಟೆಪ್ನಿ ಬೀದಿಯಿಂದ. ಅಲ್ಲಿಂದ ಬಂದು ನಮ್ಮ ಬಾಯಲ್ಲಿ ಕನ್ನಡವೇ ಆಗಿಹೋಯ್ತು.) ಆ ಚಕ್ರಕ್ಕೊಂದು ಸರಪಳಿ, ಆ ಸರಪಳಿಗೊಂದು ಬೀಗ ಹಾಕಿದ್ದ ಸ್ಕೂಟರುಗಳು ನಮ್ಮ ಬೀದಿಯಲ್ಲೇ ಇದ್ದವು. ಈಗಲೂ ಬ್ಯಾಂಕಿನಿಂದ ದುಡ್ಡು ತಂದು ಸ್ಕೂಟರಿನ ಡಿಕ್ಕಿಯಲ್ಲಿಟ್ಟವರ ಮುಂದೆ ಹತ್ತರ ನೋಟು ಬೀಳಿಸಿ "ನಿಮ್ ದುಡ್ಡು ಬಿತ್ತು ನೋಡಿ" ಅಂತ ಗಮನ ಬೇರೆಡೆ ಸೆಳೆದು ಕದಿಯೋರಿದ್ದಾರೆ. ಬೀಗ ಮುರಿಯೋ ಕಳ್ಳನಿಗಿಂತ ನಮ್ಮ ಮರೆವನ್ನು ಕಾಯೋ ಕಳ್ಳ ಬುದ್ಧಿವಂತ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಈಗ ನಾನು ಏನೇನು ಮಾಡ್ತಿದ್ದೀನಿ ಅಂತ ಹೇಳ್ತೀನಿ. ನಿಮ್ಮ ಕೋಟೆಗಾದರೂ ಉಪಯೋಗವಾಗಲಿ.

ಒಂದು, ಸಾಮಾನನ್ನು ಮೂರು ಪಾಲು ಮಾಡ್ತೀನಿ. ಮತ್ತೆ ಸಿಗದೇ ಇರೋದು (ದಾಖಲೆ, ಔಷಧಿ, ಕ್ಯಾಮೆರಾ, ನೆನಪಿನ ವಸ್ತು) ಮೈಮೇಲೆ, ಬೆನ್ನಿನ ಚೀಲದಲ್ಲಿ. ದುಡ್ಡು ಕೊಟ್ಟರೆ ಸಿಗೋದು ಪೆಟ್ಟಿಗೆಯಲ್ಲಿ, ಆದರೆ ರಾತ್ರಿ ರೂಮಿಗೆ. ಹೋದರೂ ಪರವಾಗಿಲ್ಲ ಅನ್ನೋದು ಮಾತ್ರ ಬೈಕಿನ ಮೇಲೆ. ಟ್ಯಾಂಕ್ ಬ್ಯಾಗನ್ನಂತೂ ಟೀ ಕುಡಿಯೋಕೆ ಇಳಿದರೂ ಕೈಯಲ್ಲೇ ಇಟ್ಟುಕೊಳ್ಳೋದು.

ಎರಡು, ಚೌಕಟ್ಟಿನ ಬೋಲ್ಟು. ನಕ್ಷತ್ರದ ಆಕಾರದ ಗುಳಿಯ ನಡುವೆ ಸಣ್ಣ ಕಡ್ಡಿ ಇರೋ ಬೋಲ್ಟು ಸಿಗುತ್ತೆ, ಮಾಮೂಲಿ ಅಲೆನ್ ಕೀ ಅದರೊಳಗೆ ಕೂರಲ್ಲ. ಅದು ಸಿಗದಿದ್ದರೆ ಬಡವರ ಉಪಾಯ ಇದೆ: ಅಲೆನ್ ಬೋಲ್ಟಿನ ಗುಳಿಯೊಳಗೆ ಸೈಕಲ್ ಅಂಗಡಿಯ ಚಿಕ್ಕ ಉಕ್ಕಿನ ಬಾಲ್ಸ್ ಇಟ್ಟು ಅರಾಲ್ಡೈಟ್ ಹಾಕಿಬಿಡಿ. ನಮಗೇ ಬಿಚ್ಚಬೇಕಾದಾಗ ಸೋಲ್ಡರಿಂಗ್ ಕಡ್ಡಿಯಿಂದ ಕಾಯಿಸಿದರೆ ಅಂಟು ಮೆತ್ತಗಾಗಿ ಬಾಲ್ಸ್ ಹೊರಗೆ ಬರುತ್ತೆ. ರಸ್ತೆ ಬದಿಯಲ್ಲಿ ಕೂತು ಅಷ್ಟು ಹೊತ್ತು ಕಳೆಯೋ ಧೈರ್ಯ ಕಳ್ಳನಿಗೆ ಕಮ್ಮಿ.

ಮೂರು, ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲ್ಲು. ಪೆಟ್ಟಿಗೆಯ ಹಿಡಿಯಿಂದ ಹಾಯಿಸಿ ಬೈಕಿನ ಚಾಸಿಗೇ ಸುತ್ತಬೇಕು, ಚೌಕಟ್ಟಿಗಲ್ಲ (ಚೌಕಟ್ಟೇ ಹೋದರೆ ಏನು ಗತಿ ಅಂತ ನನ್ನನ್ನು ಕೇಳಿ!). ಅದೇ ಕೇಬಲ್ಲಿಗೆ ಹೆಲ್ಮೆಟ್ಟೂ ಆಯ್ತು. ಹೆಲ್ಮೆಟ್ಟಿನ ಪಟ್ಟಿಯಿಂದ ಹಾಯಿಸಬೇಡಿ, ಪಟ್ಟಿ ಕತ್ತರಿಸಬಹುದು. ಗಲ್ಲದ ಭಾಗದಿಂದ ಹಾಯಿಸಿ. ಕಟ್ಟರ್ ತಂದವನ ಮುಂದೆ ಇದೆಲ್ಲ ನಿಲ್ಲಲ್ಲ, ನಿಜ. ಬೀಗದ ಕೆಲಸ ಕಳ್ಳನನ್ನು ತಡೆಯೋದಲ್ಲ, ತಡ ಮಾಡಿಸೋದು.

ನಾಲ್ಕು, ಕಣ್ಣಿಗೆ ಕಾಣೋ ಜಾಗದಲ್ಲಿ ಊಟ. ದರ್ಶಿನಿಯನ್ನು ಕಂಡುಹಿಡಿದವರು ಬೈಕಿನವರ ದೇವರು. ಹೊರಗೆ ನಿಂತು, ಬೈಕಿನ ಮುಖ ನೋಡ್ತಾ ಇಡ್ಲಿ ತಿನ್ನಬಹುದು. ಮಹಡಿ ಮೇಲಿನ ಹೋಟೆಲು ಇನ್ನು ನನಗೆ ಬೇಡ.

ಐದು, ಇದು ಎಲ್ಲರಿಗೂ. ಯಾರದೋ ಬೈಕಿನ ಪಕ್ಕ ಸ್ಪ್ಯಾನರ್ ಹಿಡಿದು ಕೂತವರನ್ನು ಕಂಡರೆ "ಏನಾಯ್ತು ಗುರು, ಹೆಲ್ಪ್ ಬೇಕಾ?" ಅಂತ ಕೇಳಿ. ನಿಜವಾಗಿ ಕೆಟ್ಟಿದ್ದರೆ ಒಂದು ಉಪಕಾರ ಆಗುತ್ತೆ. ಇಲ್ಲದಿದ್ದರೆ ಯಾರದೋ ಪೆಟ್ಟಿಗೆ ಉಳಿಯುತ್ತೆ. ನಾಲ್ಕೇ ಪದ, ಖರ್ಚಿಲ್ಲ.

ಇನ್ನು ವಿಮೆ. ಕಾಂಪ್ರಹೆನ್ಸಿವ್ ಪಾಲಿಸಿ ಇದೆಯಲ್ಲ ಅಂತ ನಾನೂ ಧೈರ್ಯವಾಗಿದ್ದೆ. ಕಾಗದ ತೆಗೆದು ಓದಿದೆ, ಮೊದಲನೇ ಸಲ! ನಮ್ಮ ದೇಶದ ದ್ವಿಚಕ್ರ ವಾಹನದ ಪ್ಯಾಕೇಜ್ ಪಾಲಿಸಿಗಳಲ್ಲಿ ಹಿಂದಿನಿಂದ ನಡೆದುಬಂದ ಒಂದು ಷರತ್ತಿದೆ. ಬಿಡಿ ಸಲಕರಣೆ ಕಳುವಾದರೆ ಪರಿಹಾರ ಇಲ್ಲ, ಅದೇ ಹೊತ್ತಿಗೆ ವಾಹನವೂ ಕಳುವಾಗಿದ್ದರೆ ಮಾತ್ರ ಉಂಟು. ಅಂದರೆ ಕಳ್ಳ ಇನ್ನೂ ಸ್ವಲ್ಪ ಶ್ರಮಪಟ್ಟು ಬೈಕನ್ನೂ ಒಯ್ದಿದ್ದರೆ ಕೇಳೋಕೆ ನನಗೊಂದು ದಾರಿ ಇರುತ್ತಿತ್ತು! ನಿಮ್ಮ ಪಾಲಿಸಿಯನ್ನೂ ಇವತ್ತೇ ತೆಗೆದು ಓದಿ.

ದೂರಿನ ವಿಷಯದಲ್ಲಿ ತಪ್ಪು ನನ್ನದೇ. ಸುಸ್ತಾಗಿತ್ತು, ಠಾಣೆಗೆ ಯಾರು ಹೋಗ್ತಾರೆ ಅಂತ ಮೊಬೈಲಿನಲ್ಲೇ ಪೊಲೀಸರ ಇ-ಲಾಸ್ಟ್‌ನಲ್ಲಿ ನಮೂದಿಸಿ ಮಲಗಿದೆ. ಅದು ಕಳೆದುಹೋದ ವಸ್ತುಗಳಿಗೆ. ನನ್ನದು ಕಳೆದುಹೋಗಿರಲಿಲ್ಲ, ಕಳುವಾಗಿತ್ತು. ಎರಡಕ್ಕೂ ವ್ಯತ್ಯಾಸ ಇದೆ. ಕಳೆದುಹೋಗಿದ್ದಕ್ಕೆ ಕಳ್ಳ ಇರಲ್ಲ, ಹಾಗಾಗಿ ಯಾರೂ ಹುಡುಕಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧದ ಮಾಹಿತಿಯನ್ನು ಇಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ತಡವಾಗಿಯಾದರೂ ಹೋಗಿ ಬರೆದುಕೊಟ್ಟು ಬಂದೆ.

ಇಷ್ಟೆಲ್ಲ ಹೇಳಿದ್ದು ಪೀಠಿಕೆ. ನಾನು ನಿಜವಾಗಿ ಹೇಳಬೇಕು ಅಂತ ಕೂತದ್ದು ಮುಂದಿನದು.

ಒಂದು ವಾರ ಬಿಟ್ಟು ಶಿವಾಜಿನಗರಕ್ಕೆ ಹೋದೆ. ಬರೀ ಎಡಗಡೆ ಪೆಟ್ಟಿಗೆ ಇಟ್ಟುಕೊಂಡು ಓಡಾಡೋಕಾಗಲ್ಲ, ಕಂಪನಿಯವರು ಜೋಡಿಯಾಗೇ ಮಾರೋದು. ಗುಜರಿಯಲ್ಲಿ ಒಂಟಿ ಸಿಕ್ಕರೆ ಸಿಗಲಿ ಅಂತ. ಮನಸ್ಸಿನ ಮೂಲೆಯಲ್ಲಿ ಅಪ್ಪನ ಸ್ಪ್ಯಾನರೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶಿವಾಜಿನಗರದ ಗುಜರಿ ಬಗ್ಗೆ ಒಂದು ಹಳೇ ಜೋಕಿದೆ. ಬೆಳಿಗ್ಗೆ ಅಲ್ಲಿ ಗಾಡಿ ನಿಲ್ಲಿಸಿದರೆ ಸಂಜೆ ಅದರ ಪಾರ್ಟ್ಸನ್ನೇ ನಿಮಗೆ ಮಾರ್ತಾರೆ ಅಂತ. ನಾನೂ ಹೇಳಿ ನಗಿಸಿದ್ದೀನಿ. ಈಗ ಆ ಜೋಕು ನನಗೆ ಹಿಡಿಸಲ್ಲ. ಅಪಘಾತದ ಗಾಡಿ, ಹರಾಜಿನ ಗಾಡಿ ತಂದು ಬಿಡಿಬಿಡಿಯಾಗಿ ಬಿಚ್ಚಿ, ಉಜ್ಜಿ, ಜೋಡಿಸಿಟ್ಟು ಹೊಟ್ಟೆ ಹೊರೆಯೋ ಜನ ಅವರು. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅಪ್ಪನ ಯೆಜ್ಡಿ ಓಡಾಡಿದ್ದು ಅದೇ ಗಲ್ಲಿಗಳ ದಯೆಯಿಂದ. ಅದಕ್ಕಿಂತ ಮುಖ್ಯವಾಗಿ, ಆ ಜೋಕಿನಲ್ಲಿ ಮಾರೋನು ಇದ್ದಾನೆ, ಕದಿಯೋನು ಇದ್ದಾನೆ, ಕೊಳ್ಳೋನು ಮಾತ್ರ ಪಾಪದವನು. ಹಾಗಾ?

ಮೂರನೇ ಅಂಗಡಿಯಲ್ಲಿ ಸಿಕ್ಕಿತು. ನನ್ನದಲ್ಲ, ಆದರೆ ಅದೇ ಕಂಪನಿ, ಅದೇ ಅಳತೆ, ಬಲಗಡೆಯದೇ.

"ಎಷ್ಟು ಭಾಯ್?"

"ಮೂರು ಸಾವ್ರ ಕೊಡಿ ಸಾರ್. ಕೀ ಇಲ್ಲ, ಅದ್ಕೇ ಕಮ್ಮಿ."

"ಯಾಕಿಲ್ಲ?"

"ಆಕ್ಸಿಡೆಂಟ್ ಗಾಡೀದು ಸಾರ್. ಹಂಗೇ ಬಂತು. ನೀವು ಲಾಕ್ ಬದಲಾಯಿಸ್ಕೊಳ್ಳಿ."

ಹೊಸದಕ್ಕೆ ಅದರ ನಾಲ್ಕರಷ್ಟು ಕೊಡಬೇಕು. ಜೇಬಿಗೆ ಕೈ ಹಾಕಿ ಎಣಿಸಿಯೂ ಬಿಟ್ಟಿದ್ದೆ. ಒಳಗೆ ತುಕ್ಕು ಇದೆಯಾ ನೋಡೋಣ ಅಂತ ಮುಚ್ಚಳ ತೆಗೆದೆ. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿತ್ತು. ರಕ್ತದ ಗುಂಪು ಬಿ ಪಾಸಿಟಿವ್. ಅದರ ಕೆಳಗೆ "ಅಮ್ಮ" ಅಂತ ಬರೆದು ಒಂದು ಫೋನ್ ನಂಬರು, ಅದರ ಕೊನೆಯ ಅಂಕಿಗಳು ಹರಿದುಹೋಗಿದ್ದವು.

ಅಂಗಡಿಯವನು ಹೇಳಿದ್ದು ನಿಜವೇ ಇರಬಹುದು. ಅಪಘಾತದಲ್ಲಿ ಕೀ ಕಳೆದುಹೋಗಿರಬಹುದು. ಆದರೆ ನನ್ನ ಪೆಟ್ಟಿಗೆಯೂ ಆ ಹೊತ್ತಿಗೆ ಎಲ್ಲೋ ಒಂದು ಕಡೆ ಬೀಗದ ಕೈ ಇಲ್ಲದೆ, ಕಮ್ಮಿ ರೇಟಿಗೆ, ಯಾರೋ ಒಬ್ಬನ ಮುಂದೆ ಇರುತ್ತಲ್ಲ? ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ದುಡ್ಡು ಎಣಿಸುವಾಗ ಬೆರಳಿಗೆ ತಗುಲಿದ್ದೂ ಅದೇ.

"ಬೇಡ ಭಾಯ್" ಅಂತ ಇಟ್ಟು ಬಂದೆ.

ಇದನ್ನು ಹೇಳಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋ ಆಸೆ ನನಗಿಲ್ಲ, ಯಾಕೆಂದರೆ ಇನ್ನೊಂದು ಕತೆಯೂ ಇದೆ. ಮೂರು ವರ್ಷದ ಹಿಂದೆ ಇದೇ ಬೈಕಿಗೆ ಒಂದು ಜೋಡಿ ಫಾಗ್ ಲ್ಯಾಂಪ್ ಹಾಕಿಸಿದ್ದೆ. ಬಿಲ್ಲಿಲ್ಲ, ಅರ್ಧ ಬೆಲೆ. ಅದರ ವೈರನ್ನು ಬಿಚ್ಚಿರಲಿಲ್ಲ, ಕತ್ತರಿಸಿತ್ತು. ತನ್ನದೇ ದೀಪ ಮಾರೋನು ಕನೆಕ್ಟರ್ ಬಿಚ್ಚಿ ಕೊಡ್ತಾನೆ. ವೈರು ಕತ್ತರಿಸೋದು ಅವಸರದಲ್ಲಿರೋನು. ನಾನು ಆ ತುದಿ ನೋಡಿದ್ದೆ. ನೋಡಿಯೂ ಕೇಳಲಿಲ್ಲ. ಅಂದರೆ ನನ್ನ ಪೆಟ್ಟಿಗೆ ಕದ್ದವನಿಗೆ ಈ ವ್ಯಾಪಾರ ಕುದುರುತ್ತೆ ಅಂತ ಭರವಸೆ ಕೊಟ್ಟವರಲ್ಲಿ ನಾನೂ ಒಬ್ಬ.

ಒಂಟಿ ಪೆಟ್ಟಿಗೆ ಕದ್ದು ಕಳ್ಳ ಮನೆಯಲ್ಲಿಟ್ಟು ಪೂಜೆ ಮಾಡಲ್ಲ. ಅವನ ಹತ್ತಿರ ಟೂರಿಂಗ್ ಬೈಕೂ ಇರಲ್ಲ. ಅದನ್ನು ಕೊಳ್ಳೋನು ನನ್ನಂಥ ಇನ್ನೊಬ್ಬ ಬೈಕಿನವನೇ. ಭಾನುವಾರ ಬೆಳಿಗ್ಗೆ ಹೊಸಕೋಟೆ ದಾಟಿ ಟೀ ಕುಡಿಯುವಾಗ ಪಕ್ಕದಲ್ಲಿ ನಿಂತು "ಸಖತ್ ರೇಟಿಗೆ ಸಿಕ್ತು ಮಗಾ" ಅನ್ನೋನೇ. ಕಾನೂನು ಇದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಮೊದಲ ಸಲದ ಸಾಧಾರಣ ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ ಜೈಲು. 317ನೇ ಕಲಮಿನಲ್ಲಿ ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬೋಕೆ ಕಾರಣ ಇದ್ದೂ ಅಪ್ರಾಮಾಣಿಕವಾಗಿ ತಗೊಂಡವನಿಗೂ ಹೆಚ್ಚೆಂದರೆ ಅದೇ ಮೂರು ವರ್ಷ. "ನಂಬೋಕೆ ಕಾರಣ" ಅನ್ನೋ ಮಾತು ಗಮನಿಸಿ. ಬೀಗದ ಕೈ ಇಲ್ಲದ ಪೆಟ್ಟಿಗೆ, ಕತ್ತರಿಸಿದ ವೈರು, ಇದಕ್ಕಿಂತ ಬೇರೆ ಕಾರಣ ಬೇಕಾ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಹಳೇ ಸಾಮಾನು ಕೊಳ್ಳೋದು ತಪ್ಪಲ್ಲ, ನಾನು ಮುಂದೆಯೂ ಕೊಳ್ತೀನಿ. ಆದರೆ ಬೀಗ ಇರೋ ವಸ್ತುವಾದರೆ ಬೀಗದ ಕೈ ಕೇಳಿ. ಹಳೇ ಬಿಲ್ಲಿನ ಫೋಟೋ ಆದರೂ ಕೇಳಿ. ಯಾವ ಗಾಡಿಯದು ಅಂತ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಎಷ್ಟೇ ಕಮ್ಮಿಯಾದರೂ ಬಿಟ್ಟು ಬನ್ನಿ. ನಿಮ್ಮದನ್ನು ಮಾರುವಾಗ ಕೀ ಜೊತೆಗೇ ಕೊಡಿ, ಒಂದು ಚೀಟಿಯಲ್ಲಿ ಬರೆದುಕೊಡಿ. ಬೋಲ್ಟಿಗೆ ಬಾಲ್ಸ್ ಹಾಕೋದರಿಂದ ನನ್ನ ಪೆಟ್ಟಿಗೆ ಉಳಿಯುತ್ತೆ, ಕಳ್ಳ ಪಕ್ಕದ ಬೈಕಿಗೆ ಹೋಗ್ತಾನೆ. ಕೊಳ್ಳೋರು ನಿಂತರೆ ಮಾತ್ರ ಪಕ್ಕದ ಬೈಕಿನದೂ ಉಳಿಯುತ್ತೆ.

ಈಗ ಬೈಕಿನ ಬಲಗಡೆ ಪೆಟ್ಟಿಗೆ ಇಲ್ಲ. ಹೊಸ ಜೋಡಿಗೆ ದುಡ್ಡು ಕೂಡಿಸ್ತಾ ಇದ್ದೀನಿ. ಫಾಗ್ ಲ್ಯಾಂಪ್ ಬಿಚ್ಚಿ ಮನೆಯ ಅಟ್ಟದ ಮೇಲೆ ಇಟ್ಟಿದ್ದೀನಿ. ಅದನ್ನು ಯಾರಿಗೆ ವಾಪಸ್ ಕೊಡೋದು ಅಂತ ಗೊತ್ತಿಲ್ಲ, ಹಾಕಿಕೊಂಡು ಓಡಾಡೋಕಂತೂ ಮನಸ್ಸಿಲ್ಲ.

ಅಪ್ಪನ ಸ್ಪ್ಯಾನರುಗಳಲ್ಲಿ ಒಂದು ಉಳಿದಿದೆ. ಹತ್ತು-ಹನ್ನೊಂದರ ರಿಂಗು. ಯಾವತ್ತೋ ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿ ಸೀಟಿನ ಕೆಳಗೇ ಮರೆತು ಬಿಟ್ಟಿದ್ದೆ. ಜೀವನದಲ್ಲಿ ಒಂದು ಸಲ ನನ್ನ ಮರೆವು ಉಪಕಾರ ಮಾಡಿತು. ಉಳಿದ ಆರು ಎಲ್ಲಿವೆಯೋ. ಗುಜರಿಯಲ್ಲಿ ಸ್ಪ್ಯಾನರಿನ ರಾಶಿ ಕಂಡರೆ ಈಗಲೂ ಕೈ ತಾನಾಗೇ ಹೋಗಿ ಒಂದೊಂದನ್ನೂ ತಿರುಗಿಸಿ ಮೂರು ಚುಕ್ಕಿ ಹುಡುಕುತ್ತೆ.

ನಿಮ್ಮ ಬೈಕಿನ ಮೇಲೆ ಈಗ ಇರೋದರಲ್ಲಿ ಯಾವುದರ ಬೀಗದ ಕೈ ನಿಮ್ಮ ಹತ್ತಿರ ಇಲ್ಲ? ಒಂದು ಸಲ ನೋಡಿಕೊಂಡು ಬನ್ನಿ.